ಉಮ್ಮನ ಬಚ್ಚಲು

ಮೊದಲು ಕಂಡದ್ದು ಒಂದು ನೆಟ್ಟನೆಯ ಗೆರೆ. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ತಾಹಿರ್ ಒಂದೇ ಕಣ್ಣನ್ನು ಅರ್ಧ ತೆರೆದು ಅದನ್ನು ನೋಡಿದ. ಗೀಸರಿನ ಬಿಸಿನೀರು ಜೋರಾಗಿ ಬೀಳುತ್ತಿತ್ತು. ಹಬೆ ತುಂಬಿ ಎದುರಿನ ಹಾಲುಬಣ್ಣದ ಅಕ್ರಿಲಿಕ್ ಹಲಗೆ ಪೂರ್ತಿ ಬೆವೆತಿತ್ತು. ಆ ಬೆವರಿನ ನಡುವೆ ಕೆಲವು ಕಡೆ ಮಾತ್ರ ಹನಿ ಕೂರದೆ ನುಣ್ಣಗೆ ಉಳಿದಿತ್ತು. ಸೋಪಿನ ಕಲೆ ಇರಬೇಕೆಂದು ಇನ್ನೊಂದು ಕಣ್ಣನ್ನೂ ತೆರೆದ. ಗೆರೆಯ ಎಡಕ್ಕೆ ಇನ್ನೊಂದು ಗೆರೆ, ಅದರ ಪಕ್ಕ ಕೆಳಕ್ಕೆ ಇಳಿದ ಒಂದು ಕೊಕ್ಕೆ, ಆಮೇಲೆ ಸಣ್ಣದೊಂದು ಗಂಟು, ಕೊನೆಗೆ ಬಟ್ಟಲಿನಂಥ ಬಾಗು, ಬಾಗಿನ ಮೇಲೆ ಒಂದು ಚುಕ್ಕೆ. ನಲವತ್ತೊಂದು ವರ್ಷದ ಗಂಡಸು ಊರಿನ ಮದ್ರಸದ ಚಾಪೆಯಲ್ಲಿ ಕೂತವನ ಹಾಗೆ ತುಟಿ ಅಲ್ಲಾಡಿಸುತ್ತ, ಬಲದಿಂದ ಎಡಕ್ಕೆ ಕೂಡಿಸಿಕೊಂಡು ಓದಿದ. ಅಲಿಫ್, ಲಾಮ್, ರಾ, ಹಾ, ಮೀಮ್, ನೂನ್. ಅರ್ರಹ್ಮಾನ್. ಪರಮ ಕರುಣಾಮಯಿ. ಎದೆಯ ಮಟ್ಟಕ್ಕೆ, ಒಂದು ಮೊಳ ದೂರದಲ್ಲಿ ಅಲ್ಲಾಹನ ಹೆಸರು; ಅದರ ಎದುರಿಗೆ ತಾನು, ಹುಟ್ಟಿದ ಮೈಯಲ್ಲಿ. ನೀರು ನಿಲ್ಲಿಸಬೇಕೆಂಬುದೂ ತೋಚದೆ ಮೊದಲು ಟವೆಲಿಗೆ ಕೈಹಾಕಿ ಸೊಂಟಕ್ಕೆ ಸುತ್ತಿಕೊಂಡ. ಟವೆಲು ನೆನೆದು ಭಾರವಾಯಿತು. ಕಣ್ಣಿಗೆ ಸೋಪು ಹೋಗಿ ಉರಿಯುತ್ತಿದೆ ಎಂದು ಆಮೇಲೆ ತಿಳಿಯಿತು.

ಹೊರಗೆ ಹಾಲಿನಲ್ಲಿ ಅವನ ತಾಯಿ ಪಾತುಂಞಿ ಉಮ್ಮ ಕೆಮ್ಮಿದರು. ಶುಕ್ರವಾರದ ಸ್ನಾನಕ್ಕೆ ಒಗೆದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತಿರುತ್ತಾರೆ ಎಂಬುದು ಅವನಿಗೆ ನೋಡದೆಯೇ ಗೊತ್ತಿತ್ತು. ಅವರದು ಅದೇ ಜಾಗ. ಸೋಫಾಕ್ಕೆ ಬೆನ್ನು ಕೊಟ್ಟು ಕೂತದ್ದನ್ನು ಈ ಏಳು ವಾರದಲ್ಲಿ ಅವನು ಕಂಡಿಲ್ಲ. ಇದು ಉಮ್ಮನ ಬಚ್ಚಲು. ಅವನೇ ಹಾಗೆ ಸಾರಿದ್ದ. ಬೇರೆ ಯಾರೂ ಇಲ್ಲಿ ಕಾಲಿಡಬಾರದು ಎಂದು ಮಗಳು ನಶ್ರಾಳಿಗೂ ಹೆಂಡತಿ ನಿಶಾಳಿಗೂ ತಾಕೀತು ಮಾಡಿದ್ದ. ಇವತ್ತು ನಿಶಾ ಒಳಗಿನ ಸಣ್ಣ ಬಾತ್‌ರೂಮಿನಲ್ಲಿ ವಾಷಿಂಗ್ ಮಿಷನ್ ಹಾಕಿ ಅದರ ಪೈಪನ್ನು ಮೋರಿಗೆ ಬಿಟ್ಟಿದ್ದಳು. ಜುಮಾ ನಮಾಜಿಗೆ ತಡವಾಗುತ್ತದೆ ಎಂದು ಇವನು, ತಾಕೀತು ಮಾಡಿದ ಮಹಾಶಯನೇ, ಇಲ್ಲಿಗೆ ನುಗ್ಗಿದ್ದ. ಅಷ್ಟೇ ಆಗಿದ್ದು. ಮಿಷನ್ ನಾಳೆ ಹಾಕಿದ್ದರೆ ಇದು ಕಾಣುತ್ತಿರಲಿಲ್ಲ, ಕಾಣದಿದ್ದರೆ ಇದು ಇರುತ್ತಲೂ ಇರಲಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

“ಆಯ್ತಾ ಮೋನೆ?” ಉಮ್ಮನ ಧ್ವನಿ. “ಅರ್ಜೆಂಟು ಇಲ್ಲ. ನೀನು ನಿಧಾನಕ್ಕೆ ಮಾಡು.”

“ಈಗ ಆಗ್ತದೆ ಉಮ್ಮ.”

ಅಂಗೈಯಿಂದ ಹಲಗೆಯನ್ನು ಮೇಲಿಂದ ಕೆಳಕ್ಕೆ ಬಳಿದ. ಅಕ್ಷರ ಹೋಯಿತು. ಬರೀ ಒದ್ದೆ ಹಲಗೆ, ಅಂಗಡಿಯಿಂದ ತಂದಷ್ಟು ಮುಗ್ಧ. ನಲ್ಲಿಯನ್ನು ಮತ್ತೆ ತಿರುಗಿಸಿ ಬಿಸಿನೀರು ಬಿಟ್ಟು ನಿಂತ. ಹಬೆ ಎದ್ದಿತು, ಹಲಗೆ ಮಸುಕಾಯಿತು. ಮೊದಲು ಚುಕ್ಕೆ, ಆಮೇಲೆ ಬಟ್ಟಲು, ಆಮೇಲೆ ಪೂರ್ತಿ ಹೆಸರು ಬಂದು ನಿಂತಿತು. ಅವನು ಬೇಗನೆ ನಲ್ಲಿ ಮುಚ್ಚಿದ. ಏನಾಗಿದೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹದಿನಾರು ವರ್ಷದಿಂದ ಕುವೈತಿನ ಕೈಗಾರಿಕಾ ಬಡಾವಣೆ ರಾಯ್‌ನ ಬೋರ್ಡು ಮಾಡುವ ವರ್ಕ್‌ಶಾಪಿನಲ್ಲಿ ಅವನು ಮಾಡುತ್ತಿರುವುದು ಇದನ್ನೇ: ಅಕ್ಷರ ಕತ್ತರಿಸುವುದು, ಅಂಟಿಸುವುದು, ಅಂಗಡಿ ಮುಚ್ಚಿದರೆ ಕಿತ್ತು ತೆಗೆಯುವುದು. ಸ್ಟಿಕರ್ ಕಿತ್ತರೂ ಅದರ ಗೋಂದು ಹಲಗೆಯ ಮೈಗೆ ಹಿಡಿದುಕೊಂಡಿರುತ್ತದೆ. ಒಣಗಿದಾಗ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಹಬೆಗೆ ಮಾತ್ರ ಅದರ ಗುರುತು ಸಿಕ್ಕಿಬಿಡುತ್ತದೆ.

ಅದು ಯಾವುದೋ ಬಖಾಲಾದ ಬೋರ್ಡು. ಬೀದಿ ಮೂಲೆಯ ಕಿರಾಣಿ ಅಂಗಡಿ, ಮುಚ್ಚಿ ಎರಡು ವರ್ಷವಾಗಿತ್ತು. ಬೋರ್ಡು ವರ್ಕ್‌ಶಾಪಿನ ಹಿತ್ತಲಲ್ಲಿ ಧೂಳು ತಿನ್ನುತ್ತಿತ್ತು. ಫೋರ್‌ಮನ್ ಮೋರಿಸ್ “ಬೇಕಾದ್ರೆ ತಗೊಂಡು ಹೋಗು ಮಾರಾಯಾ, ಜಾಗ ಖಾಲಿ ಆಗ್ತದೆ” ಎಂದಿದ್ದ. ಹೀಟ್ ಗನ್ ಹಿಡಿದು ಹಸಿರು ಅಕ್ಷರಗಳನ್ನು ಒಂದೊಂದಾಗಿ ಸುಲಿದಿದ್ದು ತಾಹಿರನೇ. ಆಗ ಓದಿದ್ದನೇ? ಇಲ್ಲ. ಓದುವ ಪ್ರಶ್ನೆಯೇ ಬಂದಿರಲಿಲ್ಲ. ಅವನ ಕಣ್ಣಿಗೆ ಅದು ಅಬ್ದುರ್ರಹ್ಮಾನ್ ಎಂಬ ಅಂಗಡಿಯವನ ಹೆಸರೂ ಅಲ್ಲ; ನಲವತ್ತು ಸೆಂಟಿಮೀಟರ್ ಎತ್ತರದ ಅಕ್ಷರ, ಹಳೆ ಸ್ಟಿಕರ್, ಸುಲಿಯಲು ಕಷ್ಟ, ಅಷ್ಟೇ. ಬಚ್ಚಲಿನ ಅಳತೆಗೆ ಮೂರಡಿ ಅಗಲ ಬೇಕಿತ್ತು. ಬೋರ್ಡಿನ ಎಡಗಡೆಯಿಂದ ಅಳೆದು ಗೆರೆ ಹಾಕಿ, ಕಟ್ಟರ್ ಓಡಿಸಿ, ಬಲಗಡೆ ಉಳಿದ ತುಂಡನ್ನು ಸ್ಕ್ರ್ಯಾಪಿನ ರಾಶಿಗೆ ಒಗೆದಿದ್ದ. ಆ ತುಂಡಿನಲ್ಲಿ ಹೋಗಿದ್ದು ಅಬ್ದ್. ಅಬ್ದ್ ಎಂದರೆ ದಾಸ. ದಾಸನನ್ನು ಕತ್ತರಿಸಿ ಎಸೆದು ಒಡೆಯನನ್ನು ಬಚ್ಚಲಿಗೆ ತಂದಿದ್ದೇನೆ ಎಂದು ಈಗ, ಒದ್ದೆ ಟವೆಲಿನಲ್ಲಿ ನಡುಗುತ್ತ, ಅವನಿಗೆ ಹೊಳೆಯಿತು.

ಎಲ್ಲಕ್ಕೂ ಮೂಲ ನೋಂಬು, ರಮಝಾನಿನ ಉಪವಾಸ. ರಮಝಾನಿಗೆ ಇನ್ನು ಇಪ್ಪತ್ತು ದಿನವಿತ್ತು. ಕುವೈತಿಗೆ ಬಂದ ಮೇಲೆ ಒಂದು ವರ್ಷವೂ ಅವನು ಉಮ್ಮನ ಜೊತೆ ಕೂತು ನೋಂಬು ತೆರೆದವನಲ್ಲ. ರಜೆ ಸಿಗುತ್ತಿದ್ದುದು ಕೆಲಸ ಕಮ್ಮಿಯಾದಾಗ, ಅದು ಒಮ್ಮೆಯೂ ರಮಝಾನಿಗೆ ತಾಳೆಯಾಗಲಿಲ್ಲ. ಈ ಸಲ ವಿಸಿಟ್ ವೀಸಾ ಸಿಕ್ಕಿ ಪಾತುಂಞಿ ಉಮ್ಮ ಬ್ನೇದ್ ಅಲ್ ಗಾರ್‌ನ ಈ ಫ್ಲ್ಯಾಟಿಗೆ ಬಂದಿಳಿದಾಗ ಅವನ ತಲೆಯಲ್ಲಿ ಇದ್ದುದು ಅದೊಂದೇ. ವಾಪಸು ಟಿಕೆಟು ಬರುವ ಗುರುವಾರಕ್ಕೆ. ಅದನ್ನು ಪೆರ್ನಾಳಿನ ಆಚೆಗೆ ತಳ್ಳಬೇಕು, ಹಬ್ಬ ಮುಗಿಸಿಯೇ ಅವರು ಹೋಗಬೇಕು. ವೀಸಾದಲ್ಲಿ ಅಷ್ಟು ದಿನವಿತ್ತು. ಉಮ್ಮನಲ್ಲಿ ಇರಲಿಲ್ಲ. “ನೋಂಬು ಹಿಡಿಯುವವರಿಗೆ ಮೊದಲು ಶುದ್ಧಿ ಬೇಕು ಮೋನೆ. ಈ ಬಚ್ಚಲಲ್ಲಿ ಹೇಗೆ?” ಎಂದಿದ್ದರು. ಕೇಳಿದರೆ ಸಣ್ಣ ವಿಷಯ. ಕಮೋಡಿನ ಪಕ್ಕದಲ್ಲೇ ಶವರ್, ನಡುವೆ ಒಂದು ತಡೆಯಿಲ್ಲ, ಎರಡರ ನೀರೂ ಒಂದೇ ತೂತಿಗೆ. ಮೈಮೇಲೆ ಬಿದ್ದ ನೀರು ಕಮೋಡಿನ ಬುಡಕ್ಕೆ ಬಡಿದು ಹಿಂದಕ್ಕೆ ಕಾಲಿಗೆ ಹಾರುತ್ತದೆ. ಹಾರಿದರೆ ನಜಸು ತಾಗಿ ಮೈಲಿಗೆಯಾಯಿತು, ಕಾಲು ಮತ್ತೆ ತೊಳೆಯಬೇಕು. ತೊಳೆದ ನೀರು ಮತ್ತೆ ಹಾರುತ್ತದೆ. ಎಪ್ಪತ್ತರ ಹೆಂಗಸು ಗೋಡೆ ಹಿಡಿದು ಒಂದು ಕಾಲಲ್ಲಿ ನಿಂತು ಇನ್ನೊಂದಕ್ಕೆ ಮಗ್ಗಿನಿಂದ ನೀರು ಹೊಯ್ದುಕೊಳ್ಳುತ್ತ ಒಳಗೇ ಮುಕ್ಕಾಲು ಗಂಟೆ ಇರುತ್ತಿದ್ದರು. ಹೊರಗೆ ನಶ್ರಾ ಬಾಗಿಲು ತಟ್ಟುತ್ತಿದ್ದಳು: “ಉಮ್ಮಮ್ಮಾ, ಐ ಹ್ಯಾವ್ ಸ್ಕೂಲ್!” ಬಾಗಿಲು ತೆರೆದು ಬರುವಾಗ ಉಮ್ಮನ ಮುಖದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರ ಒಂದು ನಗು ಇರುತ್ತಿತ್ತು. ಆ ನಗುವನ್ನು ತಾಹಿರ್ ಸಹಿಸಲಾರದೆ ಹೋದ.

ಗಾಜಿನ ಕ್ಯಾಬಿನ್ ಹಾಕಿಸಬಹುದಿತ್ತು. ಆದರೆ ಬಾಡಿಗೆ ಮನೆ, ಗೋಡೆಗೆ ಒಂದು ತೂತು ಕೊರೆದರೂ ಬಿಲ್ಡಿಂಗ್ ನೋಡಿಕೊಳ್ಳುವ ಹಾರಿಸ್ ಮೇಲೆ ಬಂದು ಬಾಯಿ ಮಾಡುತ್ತಾನೆ. ಅದಕ್ಕೇ ತೂತಿಲ್ಲದೆ ಕಟ್ಟುವ ಹಟ ಹಿಡಿದ. ಪ್ರದರ್ಶನದ ಸ್ಟಾಲು ಕಳಚಿದಾಗ ಉಳಿದ ಅಲ್ಯೂಮಿನಿಯಂ ಪೈಪುಗಳನ್ನು ನೆಲಕ್ಕೂ ಸೀಲಿಂಗಿಗೂ ಬಿಗಿಯಾಗಿ ಒತ್ತಿ ನಿಲ್ಲಿಸಿದ. ಕೆಳಗೆ ನಾಲ್ಕಡಿಯವರೆಗೆ ಬೋರ್ಡಿನ ಹಲಗೆ. ಅದರ ಮೇಲೆ ಬ್ಯಾನರಿನ ಫ್ಲೆಕ್ಸನ್ನು ಬಿಳಿ ಮಗ್ಗುಲು ತಿರುಗಿಸಿ ಎಳೆದು ಕಟ್ಟಿದ. ಹಲಗೆಯ ಅಂಚಿಗೆ ಗ್ಯಾರೇಜಿನಿಂದ ತಂದ ಕಾರಿನ ಬಾಗಿಲ ರಬ್ಬರು, ಬುಡಕ್ಕೆ ಸಿಲಿಕಾನ್. ಒಂದು ಹನಿ ಆಚೆ ಈಚೆ ಹೋಗದು. ಹಲಗೆಗೆ ಎರಡು ಮುಖ. ಬಿಸಿಲು ತಿಂದು ಮಂಕಾದ ಮುಂಬದಿ, ಹೊಸದರಂತೆ ಹೊಳೆಯುವ ಹಿಂಬದಿ. ಯಾವುದನ್ನು ಒಳಗೆ ಹಾಕಬೇಕು ಎಂದು ಯೋಚಿಸುತ್ತ ಅವನು ಒಂದು ಗಳಿಗೆ ನಿಂತದ್ದುಂಟು. ಹೊಳೆಯುವುದನ್ನು ಹೊರಗೆ ಹಾಕಿದ. ನೋಡುವವರು ಹೊರಗಿಂದ ತಾನೇ ನೋಡುವುದು? ನೋಡಲು ಜನ ಬಂದರು ಕೂಡ. ಮೋರಿಸ್ ಹೆಂಡತಿ ವೈಲೆಟ್ ಜೊತೆ ಬಂದು ರಬ್ಬರನ್ನು ಒತ್ತಿ ನೋಡಿ “ಕಂಪೆನಿ ಮಾಲು ಇದರೆದುರು ಏನೂ ಅಲ್ಲ” ಎಂದ. ತಾಹಿರ್ ಅದರ ವಿಡಿಯೋ ಮಾಡಿ, ಉಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ, “ಉಮ್ಮ, ಸ್ವಲ್ಪ ನಗಾಡಿ” ಎಂದು ಹೇಳಿ, ಕುಟುಂಬದ ಗ್ರೂಪಿಗೆ ಹಾಕಿದ. ಊರಿನಿಂದಲೂ ದುಬೈಯಿಂದಲೂ ಮಾಷಾ ಅಲ್ಲಾಹ್ ಬಂದು ಬಿದ್ದವು. ಒಂದೊಂದನ್ನೂ ಅವನು ಎರಡೆರಡು ಸಲ ಓದಿದ್ದ. ಮೊದಲ ದಿನ ಉಮ್ಮ ಸ್ನಾನ ಮುಗಿಸಿ ಹೊರಬಂದಾಗ “ಹೇಗಾಯ್ತು?” ಎಂದು ಬಾಗಿಲಲ್ಲೇ ಕೇಳಿದ. “ಚಂದ ಉಂಟು ಮೋನೆ,” ಎಂದರು. ನೋಂಬಿಗೆ ನಿಲ್ಲುವ ಮಾತು ತೆಗೆದಾಗ “ನೋಡುವಾ” ಎಂದರು. ಆ ‘ನೋಡುವಾ’ವನ್ನು ಅವನು ಹೂಂ ಎಂದೇ ಹಿಡಿದ. ಇವತ್ತು ಜುಮಾ ಮುಗಿಸಿ ಟ್ರಾವೆಲ್ಸಿನ ಅಬ್ದುಲ್ ನಾಸಿರನಿಗೆ ಫೋನು ಮಾಡಿ ಟಿಕೆಟಿನ ತಾರೀಕು ಬದಲಿಸುವುದೆಂದು ನಿಶಾಳಿಗೂ ಹೇಳಿಯಾಗಿತ್ತು.

ಈಗ ಉಮ್ಮನಿಗೆ ಇದು ತಿಳಿದರೆ? ಕಾಲಿಗೆ ಹಾರಿದ ಒಂದು ಹನಿಗೆ ಮುಕ್ಕಾಲು ಗಂಟೆ ಒದ್ದಾಡಿದವರು, ಅಲ್ಲಾಹನ ಹೆಸರಿನ ಎದುರು ಬೆತ್ತಲೆ ನಿಂತೆನೆಂದು ತಿಳಿದರೆ ಈ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯಲಾರರು. ನೋಂಬಂತೂ ದೂರದ ಮಾತು. ತಿಳಿಯಬಾರದು, ಅಷ್ಟೆ. ಅಕ್ಷರ ಹೋಗಬೇಕು, ಈಗಲೇ ಹೋಗಬೇಕು, ಅವರು ಒಳಗೆ ಬರುವ ಮೊದಲೇ ಹೋಗಬೇಕು. ಅವನು ಬಾಗಿಲು ತೆರೆದು ಒದ್ದೆ ಟವೆಲಿನಲ್ಲೇ ಬಾಲ್ಕನಿಗೆ ಧಾವಿಸಿದ. ಸೋಫಾದ ತುದಿಯಲ್ಲಿದ್ದ ಉಮ್ಮ ಮುಖ ಆಚೆ ತಿರುಗಿಸಿದರು. ಅಡುಗೆಮನೆಯಿಂದ ನಿಶಾ ಸೌಟು ಹಿಡಿದೇ ಇಣುಕಿದಳು.

“ಎಂತ ಇದು ಅವಸ್ಥೆ? ಬಟ್ಟೆ ಹಾಕೊಳ್ಳಿ, ಚಳಿ ಉಂಟು.”

“ಲೀಕು. ಒಂದು ಸಣ್ಣ ಲೀಕು ಉಂಟು ಬುಡದಲ್ಲಿ.”

“ಜುಮಾ ಆದ್ಮೇಲೆ ನೋಡಿದ್ರೆ ಆಗುದಿಲ್ವಾ? ಮಾಮಿ ಎಷ್ಟೊತ್ತಿಂದ ಕಾಯ್ತಾ ಇದ್ದಾರೆ.”

“ಎರಡು ನಿಮಿಷ ಅಂತ ಹೇಳಿದ್ನಲ್ಲ!” ಹಾಗೆ ಅವನು ಹೇಳಿರಲಿಲ್ಲ. ದನಿ ಏರಿದ್ದು ಅವನಿಗೇ ಕೇಳಿಸಿತು.

ಟೂಲ್‌ಬಾಕ್ಸಿನಲ್ಲಿ ಕೈಗೆ ಮೊದಲು ಸಿಕ್ಕಿದ್ದು ಥಿನ್ನರಿನ ಡಬ್ಬಿ. ಒಳಗೆ ಬಂದು ಚಿಲಕ ಹಾಕಿ, ಹಳೆ ಬನಿಯನ್ನಿಗೆ ಥಿನ್ನರು ಸುರಿದು ಹಲಗೆಯನ್ನು ಉಜ್ಜತೊಡಗಿದ. ಎದೆಯ ಮಟ್ಟದಲ್ಲಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ವರ್ಕ್‌ಶಾಪಿನ ನೆಲ ಕಣ್ಣಮುಂದೆ ಬಂತು. ದಿನವೂ ಸಂಜೆ ಆ ನೆಲದ ತುಂಬ ಅಕ್ಷರದ ಚೂರುಗಳು. ಅಬ್ದುಲ್ಲಾ ಟ್ರೇಡಿಂಗ್, ಅಬ್ದುಲ್ ಕರೀಮ್ ಟೈರ್ಸ್, ಯಾರ್ಯಾರದೋ ಹೆಸರಿನೊಳಗೆ ಕೂತ ಅಲ್ಲಾಹನ ಹೆಸರಿನ ತುಂಡುಗಳು. ಅವುಗಳ ಮೇಲೆ ಅವನು ಶೂ ಹಾಕಿ ಓಡಾಡಿದ್ದಾನೆ, ಚಹಾ ಚೆಲ್ಲಿದ್ದಾನೆ, ಪೊರಕೆಯಲ್ಲಿ ಗುಡಿಸಿದ್ದಾನೆ. ಒಮ್ಮೆ ಮೋರಿಸ್ ಬಗ್ಗಿ ಎರಡು ಚೂರು ಹೆಕ್ಕಿ ಶೆಲ್ಫಿನ ಮೇಲಿಟ್ಟ. “ಇದು ನಿಮ್ಮ ದೇವರ ಹೆಸರಲ್ವಾ ಮಾರಾಯಾ? ಕಾಲಡಿಗೆ ಹಾಕ್ಬಾರದಲ್ಲ,” ಎಂದ. ಭಾನುವಾರ ಡ್ಯೂಟಿ ಬಿದ್ದರೆ ಶುಕ್ರವಾರವೇ ಇಗರ್ಜಿಗೆ ಹೋಗಿ ಬರುವ ಮನುಷ್ಯ. ಅವನಿಗೆ ಕಂಡದ್ದು ಇವನಿಗೆ ಕಂಡಿರಲಿಲ್ಲ. ತಾಹಿರ್ ಆಗ ನಕ್ಕುಬಿಟ್ಟಿದ್ದ: “ಅದು ಟೈರಿನ ಅಂಗಡಿ ಮೋರಿಸಣ್ಣ.” ಸುತ್ತಲಿದ್ದವರೂ ನಕ್ಕರು. ಮೋರಿಸ್ ಮಾತ್ರ ಮುಜುಗರದಿಂದ ಕೈ ಒರೆಸಿಕೊಂಡು ಹೋದ. ಆ ನಗು ಈಗ ಬಚ್ಚಲಿನ ನಾಲ್ಕು ಗೋಡೆಯ ನಡುವೆ ಅವನಿಗೇ ವಾಪಸು ಕೇಳಿಸಿ ಮೈ ಬಿಸಿಯಾಯಿತು. ಉಜ್ಜುವ ಕೈ ಇನ್ನೂ ಜೋರಾಯಿತು.

ಹಲಗೆ ಬೆಳ್ಳಗಾಗುತ್ತಿದೆ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಕೆಲಸ ಕೆಟ್ಟಾಗಿತ್ತು. ಅಕ್ರಿಲಿಕ್ಕಿಗೆ ಥಿನ್ನರು ಮುಟ್ಟಿಸಬಾರದು. ಅದು ಮೈಯನ್ನೇ ತಿಂದುಬಿಡುತ್ತದೆ. ಈ ಮಾತನ್ನು ವರ್ಕ್‌ಶಾಪಿಗೆ ಬಂದ ಹೊಸಬರಿಗೆಲ್ಲ ಮೊದಲ ದಿನವೇ ಹೇಳುವವನು ಅವನು. ಒಬ್ಬನಿಗಂತೂ ಎಲ್ಲರೆದುರು ಉಗಿದು, ಅರ್ಧ ದಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ್ದ. ಉಜ್ಜಿದ ಜಾಗವೆಲ್ಲ ಸುಣ್ಣ ಬಳಿದ ಹಾಗೆ ಒರಟಾಗಿ ಬೆಳ್ಳಗಾಯಿತು. ಗೋಂದು ಕೂತಿದ್ದ ಕಡೆ ಮಾತ್ರ ಥಿನ್ನರು ಬೇಗ ಕಚ್ಚಲಿಲ್ಲ. ಅಲ್ಲಿ ಹಳೆಯ ನುಣುಪೇ ಉಳಿಯಿತು. ಈಗ ಹಬೆ ಬೇಡ, ನೀರು ಬೇಡ. ಬಾಗಿಲಲ್ಲಿ ನಿಂತವರಿಗೂ ಓದಲು ಬರುವ ಹಾಗೆ, ಇನ್ನು ಯಾರಿಂದಲೂ ಅಳಿಸಲಾಗದ ಹಾಗೆ, ಹೆಸರು ಹಲಗೆಯಲ್ಲಿ ಕೂತುಬಿಟ್ಟಿತು. ಸ್ವಂತ ಕೈಯಿಂದ ಬರೆದಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಅವನು ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತ. ಕೂತ ಕೂಡಲೇ, ಹೆಸರಿನ ಎದುರು ಎಲ್ಲಿ ಕೂತಿದ್ದೇನೆಂದು ನೆನಪಾಗಿ ಧಡಕ್ಕನೆ ಎದ್ದ.

“ಬಾಪಾ, ವಾಟ್ಸ್ ದಟ್ ಸ್ಮೆಲ್?” ನಶ್ರಾ ಹೊರಗಿಂದ ಕೂಗಿದಳು. “ಉಮ್ಮಮ್ಮ ಈಸ್ ಕಾಫಿಂಗ್!”

ಕೆಮ್ಮು ಹತ್ತಿರಕ್ಕೆ ಬಂತು. ಬಾಗಿಲಿನ ಆಚೆ ಉಮ್ಮ ನಿಂತಿದ್ದರು. “ಮೋನೆ, ಬಾಗಿಲು ತೆಗಿ. ಆ ವಾಸನೆ ಕುಡಿದ್ರೆ ನಿನ್ನ ತಲೆ ತಿರುಗ್ತದೆ.”

“ನೀವು ಹೋಗಿ ಉಮ್ಮ. ಲೀಕು ಸರಿ ಮಾಡ್ತಾ ಇದ್ದೇನೆ.”

“ತೆಗಿ ಅಂತ ಹೇಳಿದ್ದು.”

ಅವನು ಬಾಗಿಲ ಹಿಂದೆ ನೇತಾಡುತ್ತಿದ್ದ ತನ್ನ ಜುಬ್ಬಾವನ್ನು ತಲೆಗೆ ಸಿಕ್ಕಿಸಿಕೊಂಡ. ನಿಶಾ ಒಣಹಾಕಿದ್ದ ದೊಡ್ಡ ಟವೆಲನ್ನು ಎಳೆದು ಹಲಗೆಯ ಮೇಲೆ ಹೊದೆಸಿದ. ಟವೆಲಿನ ಅಂಚು ಸರಿಯಾಗಿದೆಯೇ ಎಂದು ಎರಡು ಸಲ ನೋಡಿ ಚಿಲಕ ತೆಗೆದ. ಉಮ್ಮ ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ನಿಂತು ಮೊದಲು ಅವನ ಕೆಂಪು ಕಣ್ಣನ್ನು ನೋಡಿದರು, ಕೈಯಲ್ಲಿದ್ದ ಬನಿಯನ್ನು ನೋಡಿದರು, ಆಮೇಲೆ ಟವೆಲನ್ನು. ಬುಡದಲ್ಲಿ ಲೀಕು ಎಂದವನು ಎದೆಯ ಮಟ್ಟಕ್ಕೆ ಬಟ್ಟೆ ಹೊದೆಸಿದ್ದಾನೆ. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದ.

“ಅದನ್ನು ಉಜ್ಜಬೇಡ ಮೋನೆ,” ಉಮ್ಮ ಮೆಲ್ಲಗೆ ಹೇಳಿದರು. “ಬಿಸಿನೀರು ಬಿಟ್ರೆ ಮಾತ್ರ ಅದು ಕಾಣುದು. ತಣ್ಣೀರಾದ್ರೆ ಎಂತ ಕಾಣುದಿಲ್ಲ.”

ಅವನಿಗೆ ಆ ಮಾತು ತಕ್ಷಣ ತಲೆಗೆ ಹತ್ತಲಿಲ್ಲ. “ಎಂತದ್ದು?” ಎಂದ.

“ಮೊದಲನೇ ದಿವಸವೇ ಕಂಡಿತು. ಆಮೇಲೆ ನಾನು ತಣ್ಣೀರಲ್ಲೇ ಮೀಯುದು.”

ಹಲಗೆ ನಿಲ್ಲಿಸಿ ಹನ್ನೊಂದು ದಿನ. ತಾಹಿರ್ ಲೆಕ್ಕ ಹಾಕಲಿಲ್ಲ, ಅಂಕಿ ತಾನಾಗಿಯೇ ಬಂತು. ಜನವರಿಯ ಹನ್ನೊಂದು ದಿನ. ಮರುಭೂಮಿಯ ಗಾಳಿ ಬೀಸಿ ಬೆಳಿಗ್ಗೆ ಕಾರಿನ ಗಾಜು ಮುಟ್ಟಿದರೆ ಬೆರಳು ಮರಗಟ್ಟುವಂಥ ದಿನಗಳು. ಟ್ಯಾಂಕಿನ ನೀರು ಐಸಿನಂತೆ ಬರುತ್ತದೆ. ಆ ನೀರನ್ನು ಎಪ್ಪತ್ತರ ಹೆಂಗಸು ತಲೆಗೆ ಹೊಯ್ದುಕೊಂಡು, ಹಲ್ಲು ಕಚ್ಚಿ ಸದ್ದು ಹೊರಗೆ ಕೇಳದ ಹಾಗೆ ನಿಂತಿದ್ದಾರೆ. ಕೆಮ್ಮು ಶುರುವಾದಾಗ ಅವನು ಧೂಳಿನದೆಂದು ತೀರ್ಮಾನಿಸಿ ಸಿರಪ್ಪು ತಂದಿದ್ದ; ದಿನಕ್ಕೆ ಮೂರು ಸಲ ತಾನೇ ಮುಚ್ಚಳದಲ್ಲಿ ಅಳೆದು ಕುಡಿಸುತ್ತಿದ್ದ. ಕುಡಿದು “ಈಗ ಹಗುರ ಆಯ್ತು” ಎನ್ನುತ್ತಿದ್ದರು. ಅವನಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

“ಯಾಕೆ ಹೇಳ್ಲಿಲ್ಲ ನೀವು? ಒಂದು ಮಾತು! ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಾನು ಎಂತ ಹೊರಗಿನವನಾ?”

ನಿಶಾ ಅಡುಗೆಮನೆಯಿಂದ ಬಂದು ಹಾಲಿನ ನಡುವೆ ನಿಂತಳು. ನಶ್ರಾ ಮೊಬೈಲು ಕೆಳಗಿಟ್ಟಳು. ಉಮ್ಮ ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡರು.

“ಎಷ್ಟು ಕಷ್ಟಪಟ್ಟು ಕಟ್ಟಿದ್ದಿ. ವಿಡಿಯೋ ಎಲ್ಲ ಕಳಿಸಿದ್ದಿ. ಎಲ್ಲರೂ ಚಂದ ಅಂತ ಹೇಳಿದ್ರು. ಮತ್ತೆ, ಒಬ್ಬರ ಮನೆಗೆ ಅಂತ ಬಂದ ಮೇಲೆ ಅದು ಸರಿ ಇಲ್ಲ, ಇದು ಸರಿ ಇಲ್ಲ ಅಂತ ಹೇಳುದು ಚಂದ ಅಲ್ಲ.” ಅಷ್ಟು ಹೇಳಿದ ಮೇಲೆ ಆಡಿದ್ದೇನೆಂದು ಅವರಿಗೇ ಕೇಳಿಸಿರಬೇಕು. “ನಿನ್ನ ಮನೆ ಅಂದ್ರೆ ನನ್ನದೇ. ನಾನು ಸುಮ್ಮನೆ ಮಾತಿಗೆ ಹೇಳಿದ್ದು.”

ತಾಹಿರ್ ಟವೆಲನ್ನು ಎಳೆದು ತೆಗೆದ. ಇನ್ನು ಮುಚ್ಚುವುದೇನಿದೆ? ಸುಣ್ಣದಂಥ ಬಿಳುಪಿನ ನಡುವೆ ನಿಚ್ಚಳವಾಗಿ ಕೂತ ಹೆಸರನ್ನು ನೋಡಿ ಉಮ್ಮನ ಬಾಯಿಂದ “ಯಾ ಅಲ್ಲಾಹ್” ಎಂದು ಸಣ್ಣಗೆ ಹೊರಟಿತು. ಬೈಯಲಿ ಎಂದು ಅವನು ಕಾದ. ಅವರು ಬೈಯಲಿಲ್ಲ; ಅಡುಗೆಮನೆಯ ನಲ್ಲಿಗೆ ಹೋಗಿ, ಕೈ, ಬಾಯಿ, ಮುಖ, ಮೊಣಕೈ ಎಂದು ಒಂದೂ ಬಿಡದೆ ವುಝೂ ಮಾಡಿ, ತೋಳಿನ ನೀರು ಇಳಿಯುತ್ತಿರುವಂತೆಯೇ ಬಂದು ಸೀರೆಯ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿ ನಿಂತರು.

“ಮೊದಲು ಇದನ್ನು ಇಲ್ಲಿಂದ ತೆಗಿಯುವಾ. ನೀನೂ ಹೋಗಿ ವುಝೂ ಮಾಡಿ ಬಾ.”

ಅವನು ಮಾಡಿ ಬಂದ. ಚೂರಿಯಿಂದ ಬುಡದ ಸಿಲಿಕಾನ್ ಕೊಯ್ದ, ಕಾರಿನ ರಬ್ಬರನ್ನು ಸುಲಿದ, ಪೈಪಿನ ಸ್ಕ್ರೂ ಸಡಿಲಿಸಿದ. ಕಟ್ಟಲು ನಾಲ್ಕು ಸಂಜೆ ಬೇಕಾಗಿದ್ದುದು ಕಳಚಲು ಹತ್ತು ನಿಮಿಷವೂ ಬೇಡವಾಯಿತು. ಹಲಗೆ ಸಡಿಲವಾದದ್ದೇ ಉಮ್ಮ ಇನ್ನೊಂದು ಅಂಚನ್ನು ಎರಡೂ ಕೈಯಲ್ಲಿ ಹಿಡಿದರು. ನಿಶಾ ಹಿಡಿಯಲು ಬಂದರೆ “ನೀನು ಬೇಡ, ನಿನಗೆ ವುಝೂ ಇಲ್ಲ” ಎಂದು ತಡೆದರು. ಬಚ್ಚಲಿನ ಬಾಗಿಲು ದಾಟುವಾಗ ತಾಹಿರನ ಕಡೆಯ ಮೂಲೆ ಸ್ವಲ್ಪ ಕೆಳಗಾಯಿತು.

“ಮೇಲೆ ಹಿಡಿ! ಮೇಲೆ! ನೆಲಕ್ಕೆ ಮುಟ್ಟಿಸ್ತೀಯಾ ಕತ್ತೆ? ಕಣ್ಣು ಎಲ್ಲಿ ಉಂಟು ನಿನ್ನದು?”

ಅವನಿಗೆ ಮೈ ಝುಂ ಎಂದಿತು. ಕತ್ತೆ. ಏಳು ವಾರದಲ್ಲಿ ಮೊದಲ ಸಲ. ಬಂದಾಗಿನಿಂದ ಮೋನೆ, ಮೋನೆ ಎಂದು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಮಾತಾಡುತ್ತಿದ್ದ ಉಮ್ಮ ಊರಿನಲ್ಲಿ ಅವನಿಗೆ ಬೈಯುತ್ತಿದ್ದ ಅದೇ ದನಿಯಲ್ಲಿ, ಹೆಂಡತಿ ಮಗಳ ಎದುರೇ ಬೈದಿದ್ದರು. ಮುಖ ಕೆಂಪಾಯಿತು, ಅವಮಾನದಿಂದಲ್ಲ, ಖುಷಿಯಿಂದ. ಹಲಗೆಯನ್ನು ತಲೆಗಿಂತ ಎತ್ತರಕ್ಕೆ ಹಿಡಿದ. “ಉಮ್ಮ, ನಾನು ಗಾಜಿನದ್ದೇ ಹಾಕಿಸ್ತೇನೆ, ಹೊಸತು. ಹಾರಿಸ್ ಎಂತ ಬೇಕಾದ್ರೂ ಹೇಳಲಿ. ನೋಂಬಿಗೆ ಮೊದಲೇ ಆಗ್ತದೆ. ಅಲ್ಲಿವರೆಗೆ ನೀವು ನಮ್ಮ ಒಳಗಿನ ಬಾತ್‌ರೂಮಲ್ಲಿ ಬಿಸಿನೀರಲ್ಲಿ ಮೀಯಿರಿ,” ಎಂದು ಒಂದೇ ಉಸಿರಿಗೆ ಹೇಳಿದ.

“ಮೊದಲು ಇದನ್ನು ಹಿಡಿ ಸರಿಯಾಗಿ. ಮಾತು ಆಮೇಲೆ.”

“ಎಲ್ಲಿ ಇಡುವುದು?”

“ಕಾಲು ತಾಗದ ಜಾಗ. ಮನೆಯಲ್ಲಿ ಎಲ್ಲಕ್ಕಿಂತ ಎತ್ತರ ಯಾವುದು? ಆಮೇಲೆ ಮಸೀದಿಯ ಉಸ್ತಾದರನ್ನು ಕೇಳಿ ಏನು ಮಾಡಬೇಕೋ ಮಾಡುವಾ.”

ಎಲ್ಲಕ್ಕಿಂತ ಎತ್ತರ ಎಂದರೆ ನಶ್ರಾಳ ಕೋಣೆಯ ಕಪಾಟು. ಉಮ್ಮ ಮಲಗುವುದೂ ಅದೇ ಕೋಣೆಯಲ್ಲಿ. ಅವರಿಬ್ಬರೂ ಹಲಗೆಯನ್ನು ಹೊತ್ತು, ಊಟದ ಮೇಜನ್ನು ಬಳಸಿ, ಒಬ್ಬರ ಹೆಜ್ಜೆಗೆ ಒಬ್ಬರು ಹೆಜ್ಜೆ ಹೊಂದಿಸಿಕೊಂಡು ಅಲ್ಲಿಗೆ ನಡೆದರು. ಕಪಾಟಿನ ನೆತ್ತಿಯ ಮೇಲೆ ಉಮ್ಮನ ನೀಲಿ ಸೂಟ್‌ಕೇಸು ಅಡ್ಡ ಮಲಗಿತ್ತು. ಬಂದ ದಿನವೇ ಅದನ್ನು ಖಾಲಿ ಮಾಡಿ ತಾಹಿರನೇ ಒಂದೇ ಕೈಯಲ್ಲಿ ಮೇಲಕ್ಕೆ ತಳ್ಳಿದ್ದ. ಈಗ ಅದನ್ನು ಇಳಿಸಿದರೆ ಹಲಗೆಗೆ ಜಾಗವಾಗುತ್ತದೆ. “ಒಂದು ನಿಮಿಷ ನೀವು ಹಿಡ್ಕೊಳ್ಳಿ ಉಮ್ಮ,” ಎಂದು ಹಲಗೆಯ ಭಾರವನ್ನು ಅವರ ಹೆಗಲಿಗೆ ಒರಗಿಸಿ, ಕುರ್ಚಿ ಹತ್ತಿ, ಸೂಟ್‌ಕೇಸಿನ ಹಿಡಿಗೆ ಒಂದು ಕೈ ಹಾಕಿ ಎಳೆದ.

ಅದು ಅಲುಗಲಿಲ್ಲ.

ಇನ್ನೊಂದು ಕೈಯನ್ನೂ ಹಾಕಿದ. ಇಪ್ಪತ್ತು ಕಿಲೋವಾದರೂ ಇರಬೇಕು. ಚಕ್ರದ ಬುಡಕ್ಕೆ ಕಟ್ಟಿದ್ದ ಹೊಸ ಪ್ಲಾಸ್ಟಿಕ್ ಹಗ್ಗ, ಹಿಡಿಗೆ ಗುರುತಿಗೆಂದು ಸುತ್ತಿದ್ದ ಕೆಂಪು ರಿಬ್ಬನ್, ಏರ್‌ಪೋರ್ಟಿಗೆ ಹೊರಟ ಪೆಟ್ಟಿಗೆಗೆ ಏನೇನು ಬೇಕೋ ಎಲ್ಲ ಆಗಿತ್ತು. ಗುರುವಾರಕ್ಕೆ ಇನ್ನೂ ಆರು ದಿನವಿತ್ತು. ಉಮ್ಮ ಒಬ್ಬರಿಂದ ಇಷ್ಟು ಭಾರವನ್ನು ಇಷ್ಟು ಎತ್ತರಕ್ಕೆ ಏರಿಸಲು ಆಗದು. ಅವನು ಕುರ್ಚಿಯ ಮೇಲಿಂದಲೇ ತಿರುಗಿ ಬಾಗಿಲ ಕಡೆ ನೋಡಿದ. ನಿಶಾ ಸೌಟಿನ ತುದಿಯನ್ನು ನೋಡುತ್ತಿದ್ದಳು. ಅವಳ ಹಿಂದೆ ನಿಂತಿದ್ದ ನಶ್ರಾ ತಟ್ಟನೆ ಇಂಗ್ಲಿಷನ್ನೂ ಮರೆತವಳಂತೆ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ದೂರದ ಮಸೀದಿಯಲ್ಲಿ ಜುಮಾದ ಬಾಂಗ್ ಶುರುವಾಯಿತು.

ಉಮ್ಮ ಹಲಗೆಯನ್ನು ಹೆಗಲಿನಿಂದ ತುಸು ಮೇಲಕ್ಕೆ ಎತ್ತಿಕೊಂಡರು.

“ಅದನ್ನು ಇಳಿಸುದು ಬೇಡ ಮೋನೆ,” ಎಂದರು. “ಅದರ ಮೇಲೆಯೇ ಇಡು. ಒಳಗೆ ಇರುದೆಲ್ಲ ಒಗೆದ ಬಟ್ಟೆಯೇ.”